ಗಾರ್ಡ್ ಉಸ್ಮಾನರ ಹಸಿರು ಬಾವುಟ

ನಾವಿದ್ದ ಕಾಲದ ಕುವೈತಿನಲ್ಲಿ ಎಲ್ಲವೂ ಇತ್ತು, ರೈಲೊಂದು ಬಿಟ್ಟು. ವರ್ಷವಿಡೀ ಸೇಬು ಸಿಗುತ್ತಿತ್ತು, ಶುವೈಖ್‌ನ ಒಂದು ಗೋದಾಮಿನಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪನಿಗೂ ಒಂದು ಹಳೇ ಕಾರಿತ್ತು, ಆದರೆ ಹಳಿ ಅಂತ ಒಂದು ಮಾರುದ್ದವೂ ಇರಲಿಲ್ಲ. ಹಾಗಾಗಿ ಹವಲ್ಲಿಯ ನಮ್ಮ ಕಟ್ಟಡದ ಮಕ್ಕಳಿಗೆಲ್ಲ ನಾನು ದೊಡ್ಡ ಪಂಡಿತೆ. ಯಾಕೆಂದರೆ ನಮ್ಮ ತಾತ ಅರಸೀಕೆರೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು, ಅಮ್ಮ ರೈಲ್ವೆ ಕ್ವಾರ್ಟರ್ಸ್‌ನಲ್ಲೇ ಬೆಳೆದವಳು, ನಾನು ರಜೆಗೆ ಹೋದಾಗಲೆಲ್ಲ ಬೊಂಬಾಯಿಯಿಂದ ಊರಿನ ತನಕ ರೈಲಿನಲ್ಲಿ ಹೋಗಿ ಬಂದವಳು. ಎದುರು ಮನೆಯ ಅಶ್ರಫ್ ಬಂಟ್ವಾಳದ ಕಡೆಯ ಬ್ಯಾರಿಗಳ ಹುಡುಗ. ಅವನು ರೈಲನ್ನು ಬೊಂಬಾಯಿಯಲ್ಲಿ ದೂರದಿಂದ ನೋಡಿದ್ದನಷ್ಟೆ. ಆದರೂ ನಾವು ರೈಲಾಟಕ್ಕೆ ಇಳಿದಾಗ ಡ್ರೈವರ್ ನಾನೇ ಎಂದು ಹಟ ಹಿಡಿದ. ಇರಲಿ ಪಾಪ, ಕೂಗುವುದಕ್ಕೆ ಅವನದೇ ಗಂಟಲು ಜೋರಾಗಿತ್ತು.

ಅದು ಚಳಿಗಾಲ. ಉಳಿದ ತಿಂಗಳುಗಳಲ್ಲಿ ಅಲ್ಲಿ ಹೊರಗೆ ಕಾಲಿಟ್ಟರೆ ಕಾವಲಿಯ ಮೇಲೆ ಇಟ್ಟ ಹಾಗೆ, ಆದರೆ ಡಿಸೆಂಬರ್ ಬಂತೆಂದರೆ ಸ್ವೆಟರ್ ಹಾಕಿಕೊಂಡು ಸಂಜೆಯ ತನಕ ಆಡಬಹುದು. ಮನೆಗಳಲ್ಲಿ ಸೀಮೆಎಣ್ಣೆ ಹೀಟರ್ ಉರಿಯುತ್ತಿತ್ತು. ಅದರ ಮೇಲೆ ಅಮ್ಮ ಕಿತ್ತಳೆ ಸಿಪ್ಪೆ ಇಡುತ್ತಿದ್ದಳು. ಆ ಘಮ, ಬೀದಿ ತುದಿಯ ಭಟ್ಟಿಯಿಂದ ಬರುವ ಬಿಸಿ ಖುಬ್ಬೂಸ್ ರೊಟ್ಟಿಯ ಘಮ, ಎರಡೂ ಸೇರಿದರೆ ನನಗೆ ಈಗಲೂ ಕುವೈತ್. ಕಟ್ಟಡದ ಹಿಂದಿನ ಮರಳು ಬಯಲಿನಲ್ಲಿ ನಾವು ಕಿತ್ತಳೆ ಹಣ್ಣಿನ ಖಾಲಿ ಮರದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ರೈಲು ಮಾಡಿದೆವು. ಅಪ್ಪ ಬಾಲ್ಕನಿಯಿಂದ ನೋಡಿ, "ಪೆಟ್ರೋಲ್ ಉಕ್ಕೋ ದೇಶಕ್ಕೆ ಬಂದು ರೈಲು ಬಿಡ್ತಾವ್ರಲ್ಲಪ್ಪ ನಮ್ಮ ಮಕ್ಕಳು!" ಎಂದು ನಕ್ಕರು.

ಆಗ ಬಂದರು ಉಸ್ಮಾನ್. ಅವರು ನಮ್ಮ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ. ಸುಡಾನ್ ದೇಶದವರು. ಉದ್ದಾಳು, ಬಿಳೀ ನಿಲುವಂಗಿ, ತಲೆಗೆ ದೊಡ್ಡ ರುಮಾಲು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಒಬ್ಬರೇ ಇದ್ದರು. ನಾವು ಮಕ್ಕಳೆಲ್ಲ ಅವರನ್ನು ಅಮ್ಮು ಎಂದು ಕರೆಯುತ್ತಿದ್ದೆವು, ಅರಬ್ಬಿಯಲ್ಲಿ ಚಿಕ್ಕಪ್ಪ ಎಂದ ಹಾಗೆ. ಬೀದಿಯ ಅರಬ್ಬಿ ನಮಗೆಲ್ಲ ಬರುತ್ತಿತ್ತು.

"ಏನಿದು?" ಎಂದರು.

"ರೈಲು, ಅಮ್ಮು."

ಸುಮಾರು ಹೊತ್ತು ನೋಡಿದರು. "ಇಲ್ಲಿ ರೈಲಿಲ್ಲ ಅಂತಲೇ ನಾನು ಈ ದೇಶಕ್ಕೆ ಬಂದದ್ದು. ನೀವು ನನ್ನ ಬಾಗಿಲಿಗೇ ತಂದು ನಿಲ್ಲಿಸಿದಿರಾ?"

ತಮಾಷೆ ಎಂದುಕೊಂಡು ನಾವು ಬಿದ್ದು ಬಿದ್ದು ನಕ್ಕೆವು. ಅವರು ಹೊರಟೇ ಹೋಗುತ್ತಿದ್ದರೇನೋ, ಅಷ್ಟರಲ್ಲಿ ಅಶ್ರಫ್ "ಕೂ..." ಎಂದು ಗಾಡಿ ಬಿಟ್ಟ. ಉಸ್ಮಾನ್ ಗಿರಕ್ಕನೆ ತಿರುಗಿದರು. "ನಿಲ್ಲಿಸು! ಗಾರ್ಡ್ ಸೀಟಿ ಊದದೆ ಹೊರಡುವ ರೈಲು ಯಾವ ಊರಿನದು?"

ಆಗ ಗೊತ್ತಾಯಿತು, ಅವರು ತಮ್ಮ ದೇಶದಲ್ಲಿ ರೈಲ್ವೆ ಗಾರ್ಡ್ ಆಗಿದ್ದರೆಂದು. ಮಾರನೆಯ ದಿನ ಕೋಣೆಯಿಂದ ನಿಜವಾದ ಹಿತ್ತಾಳೆ ಸೀಟಿ ತಂದರು. ಕೊನೆಯ ಪೆಟ್ಟಿಗೆಯ ಪಕ್ಕ ಗಂಭೀರವಾಗಿ ನಿಂತರು. ಕೆಂಪು ಬಾವುಟಕ್ಕೆ ಅವರದೇ ಕರವಸ್ತ್ರ ಇತ್ತು. ಹಸಿರಿಗೆ ನಾನು ಅಮ್ಮನ ಒಂದು ರವಿಕೆ ಕಣ ಹಾರಿಸಿಕೊಂಡು ಬಂದೆ. ಅದನ್ನು ಮಾತ್ರ ಅವರು ಮುಟ್ಟಲಿಲ್ಲ.

"ಅದು ಬೇಡ, ಬಿಂತಿ." ಬಿಂತಿ ಎಂದರೆ ಮಗಳು. ನನ್ನನ್ನು ಹಾಗೇ ಕರೆಯುತ್ತಿದ್ದರು.

"ಹಸಿರು ಕಾಣದೆ ನಾನು ಹೋಗುದಿಲ್ಲ ಮಾರಾಯ್ತಿ," ಎಂದ ಅಶ್ರಫ್. "ಎಂತ, ಡ್ರೈವರಿಗೆ ಮರ್ಯಾದೆ ಇಲ್ವಾ?"

ಅಂತೂ ನಮ್ಮ ರೈಲು ನಿಂತಲ್ಲೇ ನಿಂತಿತು. ಬೇಜಾರಿಗೆ ಅಶ್ರಫ್ ಅದನ್ನು ಮಿಲಿಟರಿ ರೈಲು ಮಾಡಿದ. ಸಣ್ಣ ಮಕ್ಕಳ ಕೈಗೆಲ್ಲ ನೆಲ ಒರೆಸುವ ಕೋಲು ಕೊಟ್ಟು ಸೋಲ್ಜರ್ ಎಂದ. ನನ್ನ ತಮ್ಮ ರಘು ಎಲ್ಲರಿಗಿಂತ ಸಣ್ಣವನು. ಅವನು ಕೋಲನ್ನು ಹೆಗಲಿಗಿಟ್ಟು ಮೊದಲ ಪೆಟ್ಟಿಗೆಯಲ್ಲಿ ಕೂತ. ಅದನ್ನು ನೋಡಿದ ಉಸ್ಮಾನರ ಮುಖ ಕಪ್ಪಿಟ್ಟಿತು. ಸೀಟಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ನಾನು ಬಿಡುವವಳೇ? ಹಿಂದೆಯೇ ಹೋಗಿ ಅವರ ಹೊಸ್ತಿಲ ಮೇಲೆ ಕೂತೆ. "ಯಾಕಮ್ಮು ಹಸಿರು ಬೇಡ?"

ಅವರು ಪುದೀನ ಹಾಕಿದ ಚಹಾ ಕುದಿಸುತ್ತ ಹೇಳಿದರು. ಅವರ ದೇಶದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ, ಒಂದೇ ಮನೆಯವರು ಹೊಡೆದಾಡಿಕೊಂಡ ಹಾಗೆ, ವರ್ಷಗಟ್ಟಲೆ. ಕೊನೆಗೆ ರಾಜಿ ಮಾತುಕತೆ ಶುರುವಾಯಿತು. ಹಾಗಿದ್ದರೂ ರೈಲು ತುಂಬ ಸೈನಿಕರನ್ನು ದಕ್ಷಿಣಕ್ಕೆ ಸಾಗಿಸುವುದು ಮಾತ್ರ ನಿಲ್ಲಲಿಲ್ಲ. ಅಂಥ ಒಂದು ರೈಲಿಗೆ ಇವರು ಗಾರ್ಡ್. ಅದೇ ರೈಲಿನಲ್ಲಿ ಸೈನಿಕನಾಗಿ ಇವರ ತಮ್ಮ ಇದ್ರೀಸ್. "ಹಸಿರು ತೋರಿಸಿದವನು ನಾನು. ಆಮೇಲೆ ಯುದ್ಧ ಮುಗಿಯಿತು. ವಾಪಸು ಬಂದ ಒಂದೊಂದು ರೈಲಿಗೂ ಹೋಗಿ ನಿಂತೆ. ಇದ್ರೀಸ್ ಇಳಿಯಲಿಲ್ಲ. ಅವತ್ತಿನಿಂದ ನಾನು ಹಸಿರು ಎತ್ತಿಲ್ಲ."

ನನಗೆ ಅಳು ಬಂತು. ಮೆಟ್ಟಿಲು ಹತ್ತಿ ಓಡಿ ಅಮ್ಮನಿಗೆ ಎಲ್ಲ ಒದರಿದೆ. ಅಮ್ಮ ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಬಿಟ್ಟು ಕೂತಳು. ಬೇರೆ ಯಾರಾಗಿದ್ದರೂ ಯುದ್ಧದಲ್ಲಿ ಗೆದ್ದವರ್ಯಾರು ಎಂದು ಕೇಳುತ್ತಿದ್ದರು. ಅಮ್ಮ ಕೇಳಿದ್ದೇ ಬೇರೆ.

"ಅಲ್ವೇ ಶೈಲೂ, ಆ ಹುಡುಗ್ರಿಗೆ ದಾರೀಲಿ ಹೊಟ್ಟೆಗೇನಾದ್ರೂ ಕೊಟ್ರಂತಾ?"

"ಅದೆಲ್ಲ ನಂಗೇನ್ ಗೊತ್ತಮ್ಮ?"

"ಹೋಗಿ ಕೇಳ್ಕೊಂಡ್ ಬಾ. ನಮ್ಮ ಕ್ವಾರ್ಟರ್ಸ್‌ನಲ್ಲಿ ಮಿಲಿಟರಿ ಸ್ಪೆಷಲ್ ಬರುತ್ತೆ ಅಂತ ಗೊತ್ತಾದ್ರೆ ಸಾಕು, ಹೆಂಗಸ್ರೆಲ್ಲ ಪೂರಿ ಒತ್ತಕ್ಕೆ ಕೂರ್ತಿದ್ವಿ. ಯಾರ ಹೆತ್ತ ಮಕ್ಕಳೋ ಏನೋ, ಕಿಟಕೀಲಿ ಕೈ ಚಾಚೋವು. ಹಸ್ಕೊಂಡು ಹೋಗ್ಲಿ ಅಂತ ಬಿಡಕ್ಕಾಗುತ್ತಾ?"

ನಾನು ಮತ್ತೆ ಇಳಿದು ಹೋಗಿ ಆ ಪ್ರಶ್ನೆಯನ್ನು ಅರಬ್ಬಿಗೆ ತಿರುಗಿಸಿದೆ. ಉಸ್ಮಾನ್ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟರು.

"ನೀರು ತುಂಬಿಸಲು ರೈಲು ನಿಂತಾಗ ಇದ್ರೀಸ್ ಓಡಿ ಬಂದ," ಎಂದರು. "'ಅಣ್ಣಾ, ಹಸಿವಾಗ್ತಿದೆ, ಏನಾದರೂ ಇದೆಯಾ?' ಅಂದ. ನನ್ನ ಚೀಲದಲ್ಲಿ ರೊಟ್ಟಿ ಇತ್ತು, ಬಿಂತಿ. ರೈಲು ತಡವಾಗಿದೆ, ಮುಂದಿನ ನಿಲ್ದಾಣದಲ್ಲಿ ಕೊಡ್ತೀನಿ, ಹತ್ತು ಹತ್ತು ಅಂದೆ. ಹಸಿರು ಎತ್ತಿದೆ. ಮುಂದಿನ ನಿಲ್ದಾಣದಲ್ಲಿ ನನ್ನ ಪಾಳಿ ಬದಲಾಯಿತು. ನನ್ನನ್ನು ಇಳಿಸಿ ಬೇರೆ ಗಾರ್ಡನ್ನು ಹತ್ತಿಸಿದರು. ರೈಲು ಹೋಗಿಬಿಟ್ಟಿತು. ರೊಟ್ಟಿ ನನ್ನ ಚೀಲದಲ್ಲೇ ಉಳಿಯಿತು."

ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ, ತಾವೂ ಯಾರಿಗೂ ಹೇಳಿರಲಿಲ್ಲ ಎಂದರು.

ಅಮ್ಮ ನನ್ನ ಬಾಯಿಂದ ಇದನ್ನು ಕೇಳಿ ಕಣ್ಣೊರೆಸಿಕೊಂಡಳು. ಮಾರನೆಯ ದಿನ ಮಧ್ಯಾಹ್ನ ಮನೆಯೆಲ್ಲ ಒಗ್ಗರಣೆಯ ಘಮ. ಖುಬ್ಬೂಸಿಗೆ ಆಲೂಗಡ್ಡೆ ಪಲ್ಯ ತುಂಬಿ, ಸುರುಳಿ ಸುತ್ತಿ, ಒಂದೊಂದನ್ನೂ ಕಾಗದದಲ್ಲಿ ಕಟ್ಟಿದಳು. ಸಾಮಾನ್ಯವಾಗಿ ಕೆಳಗೇ ಇಳಿಯದ ನಮ್ಮಮ್ಮ ಅವತ್ತು ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಬುಟ್ಟಿ ಹಿಡಿದು ಮರಳು ಬಯಲಿಗೆ ಬಂದಳು. ಪೆಟ್ಟಿಗೆ ಪೆಟ್ಟಿಗೆಗೂ ಹೋಗಿ ಸೋಲ್ಜರುಗಳಿಗೆಲ್ಲ ಒಂದೊಂದು ಪೊಟ್ಟಣ ಕೊಟ್ಟಳು. ರಘು ಕೈ ಚಾಚಿದಾಗ ಮಾತ್ರ, "ತಡ್ಕೊಳೋ," ಎಂದು ಮುಂದೆ ನಡೆದಳು. ಅವನ ಮುಖ ಸಪ್ಪಗಾಯಿತು.

ಕೊನೆಗೆ ಉಸ್ಮಾನರ ಎದುರು ನಿಂತು ಉಳಿದ ಒಂದು ಪೊಟ್ಟಣ ಚಾಚಿದಳು. "ಇದು ನಿಮ್ಮ ತಮ್ಮಂಗೆ ಅನ್ನು," ಎಂದಳು ನನಗೆ. ನಾನು ಅಂದೆ.

ಉಸ್ಮಾನ್ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ರೈಲಿನ ಉದ್ದಕ್ಕೂ ನಡೆದು ಬಂದು ರಘುವಿನ ಮುಂದೆ ಮಂಡಿಯೂರಿದರು. ಅವನ ಕೈಯ ಕೋಲು ತೆಗೆದು ಮರಳಿನ ಮೇಲಿಟ್ಟು, ಪೊಟ್ಟಣ ಬಿಚ್ಚಿ ಕೈಗೆ ಕೊಟ್ಟರು. "ತಿನ್ನು, ತಿನ್ನು," ಎಂದರು. ರಘುವಿಗೆ ಇದೆಲ್ಲ ಏನು ಗೊತ್ತು? ಗಬಗಬ ತಿಂದ. ಅವನು ಕೊನೆಯ ತುತ್ತು ನುಂಗುವವರೆಗೂ ಅವರು ಅಲ್ಲಿಂದ ಏಳಲಿಲ್ಲ. ಅವರ ಕೆನ್ನೆಯ ಮೇಲೆ ನೀರು ಧಾರಾಕಾರ.

ಆಮೇಲೆ ಹಿಂದಕ್ಕೆ ಹೋದರು. ಸೀಟಿ ಊದಿದರು. ನನ್ನ ಕಡೆ ಕೈ ಚಾಚಿದರು. ನಾನು ರವಿಕೆ ಕಣ ಕೊಟ್ಟೆ. ಹಸಿರು ಮೇಲೆ ಎದ್ದಿತು.

"ಏ ಅಶ್ರಫ್, ನೀನೂ ಹಸಿರು ತೋರ್ಸೋ!" ಎಂದು ಅಮ್ಮ ಕೂಗಿದಳು. "ಹಿಂದಿನಿಂದ ಗಾರ್ಡು, ಮುಂದಿನಿಂದ ಡ್ರೈವರು, ಇಬ್ರೂ ತೋರ್ಸಿದ್ರೇನೇ ಎಲ್ಲಾ ಸರಿಯಾಗಿದೆ ಅಂತ ಲೆಕ್ಕ."

ಅಶ್ರಫ್ ತನ್ನ ಹಸಿರು ಸ್ವೆಟರ್ ಬಿಚ್ಚಿ ಬೀಸಿದ. ಅಮ್ಮನ ಮಾತನ್ನು ನಾನು ಅರಬ್ಬಿಗೆ ತಿರುಗಿಸಿದಾಗ ಉಸ್ಮಾನ್ ಅವಳನ್ನು ನೋಡಿ ತಲೆಯಾಡಿಸಿದರು. ಅವರ ದೇಶದಲ್ಲೂ ಅದೇ ಪದ್ಧತಿಯಂತೆ.

ಆ ಚಳಿಗಾಲ ಪೂರ್ತಿ ನಮ್ಮ ರೈಲು ಓಡಿತು. ಒಂದು ದಿನವೂ ಯಾರೂ ಹಸಿದು ಹೊರಡಲಿಲ್ಲ.

ಕೆಲವು ವರ್ಷಗಳ ಮೇಲೆ ಅಪ್ಪ ಕೆಲಸಕ್ಕಿದ್ದ ಗೋದಾಮು ಮುಚ್ಚಿತು, ಅಲ್ಲಿ ಇರಲು ಕೊಡುವ ಪರವಾನಗಿ, ಇಕಾಮಾ, ರದ್ದಾಯಿತು, ಕಾರು ಮಾರಿದೆವು. ಊರಿಗೆ ಹೊರಟ ದಿನ ಟ್ಯಾಕ್ಸಿ ಕಟ್ಟಡದ ತಿರುವು ದಾಟುವ ಮೊದಲೇ ಹಿಂದೆ ಸೀಟಿ ಕೇಳಿಸಿತು. ತಿರುಗಿ ನೋಡಿದರೆ ಉಸ್ಮಾನ್ ಕೆಂಪು ಕರವಸ್ತ್ರ ಬೀಸುತ್ತ ಓಡಿ ಬರುತ್ತಿದ್ದಾರೆ! ಟ್ಯಾಕ್ಸಿ ನಿಂತಿತು. ಏದುಸಿರು ಬಿಡುತ್ತ ಕಿಟಕಿಯಲ್ಲಿ ಕೈ ತೂರಿಸಿ ಬಿಸಿ ಪೊಟ್ಟಣಗಳನ್ನು ಅಮ್ಮನ ಮಡಿಲಿಗೆ ಹಾಕಿದರು. ಖುಬ್ಬೂಸ್, ಒಳಗೆ ಬೇಯಿಸಿದ ಕಾಳಿನ ಪಲ್ಯ. ಬೆಳಿಗ್ಗೆಯಿಂದ ಮಾಡುತ್ತಿದ್ದರಂತೆ.

"ಯಲ್ಲಾ, ಹೊರಡಿ," ಎಂದು ಹಿಂದೆ ಸರಿದು ಹಸಿರು ಎತ್ತಿದರು. ಅದೇ ರವಿಕೆ ಕಣ.

ಅಮ್ಮ ಅವತ್ತು ಎಲೆ ಹಸಿರು ಸೀರೆ ಉಟ್ಟಿದ್ದಳು. ಟ್ಯಾಕ್ಸಿ ಹೊರಟಂತೆ ಸೆರಗನ್ನು ಕಿಟಕಿಯಿಂದ ಹೊರಗೆ ಹಾಕಿ ಬೀಸಿದಳು. "ಏನೇ ಇದು, ಜನ ನೋಡ್ತಾರೆ," ಎಂದ ಅಪ್ಪನೂ ಆಮೇಲೆ ಸುಮ್ಮನಾದರು. ತಿರುವು ಬರುವ ತನಕ ಎರಡೂ ಹಸಿರು ಎತ್ತಿಯೇ ಇದ್ದವು.

ಮುಂದೆ ಕುವೈತಿಗೇ ಯುದ್ಧ ಬಂತು. ಅಲ್ಲಿಂದ ಪಾರಾಗಿ ಬಂದ ಅಶ್ರಫ್ ಹೇಳಿದ, ಮೆಟ್ಟಿಲ ಕೆಳಗಿನ ಕೋಣೆಗೆ ಬೀಗ ಬಿದ್ದಿತ್ತು, ಉಸ್ಮಾನ್ ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ ಎಂದು. ಹೊರಡುವಾಗ ಅವರ ಕೈಗೆ ಯಾರಾದರೂ ಒಂದು ಪೊಟ್ಟಣ ಕೊಟ್ಟಿದ್ದರೇ ಎಂದು ಅಮ್ಮ ಸಾಯುವ ತನಕ ಕೇಳುತ್ತಲೇ ಇದ್ದಳು.

ಮೊನ್ನೆ ಮಗಳನ್ನು ಕಳಿಸಲು ಅರಸೀಕೆರೆ ಸ್ಟೇಷನ್ನಿಗೆ ಹೋಗಿದ್ದೆ. ಚಪಾತಿ ಪಲ್ಯದ ಪೊಟ್ಟಣ ಚಾಚಿದರೆ, "ಬೇಡಮ್ಮ, ಫೋನಲ್ಲಿ ಆರ್ಡರ್ ಮಾಡಿದ್ರೆ ಸೀಟಿಗೇ ತಂದ್ಕೊಡ್ತಾರೆ," ಎಂದಳು. ಅವಳದೇನು ತಪ್ಪು? ಅವಳ ಏಸಿ ಡಬ್ಬಿಗೆ ತೆರೆಯುವ ಕಿಟಕಿಯೂ ಇರಲಿಲ್ಲ. ಗಾಜಿನ ಆಚೆ ಅವಳು ಆಗಲೇ ಫೋನ್ ನೋಡುತ್ತಿದ್ದಳು. ರೈಲು ಹೊರಟಿತು. ಕೊನೆಯ ಡಬ್ಬಿಯ ಬಾಗಿಲಲ್ಲಿ ಗಾರ್ಡ್ ಹಸಿರು ಹಿಡಿದು ನಿಂತಿದ್ದರು. ಪ್ಲಾಟ್‌ಫಾರಂನಲ್ಲಿ ಅತ್ತಿತ್ತ ನೋಡಿದೆ, ಅದಕ್ಕೆ ಉತ್ತರವಾಗಿ ಹಸಿರು ತೋರಿಸುವವರು ಯಾರೂ ಕಾಣಲಿಲ್ಲ. ಪೊಟ್ಟಣವನ್ನು ಕಂಕುಳಲ್ಲಿ ಒತ್ತಿಕೊಂಡು ನನ್ನ ಸೆರಗನ್ನೇ ಎತ್ತಿ ಬೀಸಿದೆ. ನಾನು ಉಟ್ಟಿದ್ದದ್ದು ನೀಲಿ ಸೀರೆ.