ಈಳಿಗೆಮಣೆಯ ಪಕ್ಕದಲ್ಲಿಟ್ಟದ್ದು

ನಮ್ಮವರಿಗೆ ಹರ್ನಿಯಾ ಆಗಿದೆ ಎಂದು ನಾನು ಹತ್ತಿರ ಹತ್ತಿರ ಒಂದು ವರ್ಷ ನಂಬಿಕೊಂಡಿದ್ದೆ. ಈಗ ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ. ಬಲಗಡೆ ಸೊಂಟದ ಹತ್ತಿರ ಗಟ್ಟಿಯಾದದ್ದೇನೋ ಉಬ್ಬಿಕೊಂಡಿದೆ, ಮನುಷ್ಯ ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ವಾಲಿ ಕೂರುತ್ತಾನೆ, ಬಗ್ಗುವ ಮೊದಲು ಶರ್ಟಿನ ಅಂಚನ್ನು ಒತ್ತಿ ಹಿಡಿಯುತ್ತಾನೆ ಎಂದರೆ ಹೆಂಡತಿಯಾದವಳು ಏನೆಂದುಕೊಳ್ಳಬೇಕು? ನನ್ನ ಅಪ್ಪನೂ ಹರ್ನಿಯಾಕ್ಕೆ ಬೆಲ್ಟು ಕಟ್ಟಿಕೊಂಡು ಹೀಗೇ ಓಡಾಡುತ್ತಿದ್ದರು. ಕೇಳಿದರೆ ಏನಿಲ್ಲ ಎನ್ನುತ್ತಿದ್ದರು. ಗಂಡಸರಿಗೆ ಇಂಥದ್ದನ್ನು ಹೇಳಿಕೊಳ್ಳಲು ನಾಚಿಕೆ ಎಂದು ನಾನೂ ಬಾಯಿ ಬಿಡಲಿಲ್ಲ. ಗ್ಯಾಸ್ ಸಿಲಿಂಡರನ್ನು ನಾನೇ ಎಳೆದುಕೊಂಡೆ, ವಾಯುವಾಗುತ್ತದೆಂದು ಅಡುಗೆಯಲ್ಲಿ ಬಟಾಟೆ ಕಡಿಮೆ ಮಾಡಿದೆ.

ನಾವು ಧಾರವಾಡದವರು. ವಡೋದರಾದ ಗೋರ್ವಾದಲ್ಲಿ ಮನೆ ಮಾಡಿ ಮಗಳನ್ನು ಇಲ್ಲೇ ಓದಿಸಿದೆವು. ಅವಳು ಈಗ ಸೂರತ್ತಿನಲ್ಲಿ ಸೀರೆಗಳಿಗೆ ಡಿಸೈನ್ ಮಾಡುವ ಕೆಲಸದಲ್ಲಿದ್ದಾಳೆ. ನಮ್ಮವರು ಅಹಮದಾಬಾದಿನ ವಟ್ವಾದಲ್ಲಿ ಒಂದು ಬಣ್ಣದ ಕಾರ್ಖಾನೆಗೆ ಮ್ಯಾನೇಜರು. ಬೆಳಿಗ್ಗೆ ಕಾರಿನಲ್ಲಿ ಹೋಗಿ ಸಂಜೆ ಮೀರಿದ ಮೇಲೆ ಬರುತ್ತಾರೆ. ಜೋರಾಗಿ ಮಾತಾಡುವವರಲ್ಲ. ಆ ಕೆಲಸವನ್ನು ಮನೆಯಲ್ಲಿ ನಾನೇ ನೋಡಿಕೊಳ್ಳುತ್ತೇನೆ.

ಹಿಂದಿನ ವರ್ಷ ಒಂದು ಸಂಜೆ ಕಾರಿನ ಕಿಟಕಿ ಗಾಜು ಒಡೆದುಕೊಂಡು ಬಂದಿದ್ದರು. ಹೈವೇಯಲ್ಲಿ ಲಾರಿ ಚಕ್ರದಿಂದ ಕಲ್ಲು ಸಿಡಿಯಿತು ಎಂದರು. ಕನ್ನಡಕವೂ ಮುರಿದಿತ್ತು, ಎಡಗೆನ್ನೆ ಊದಿತ್ತು. ಕಲ್ಲಿಗೆ ಇಷ್ಟೆಲ್ಲ ಕೆಲಸ ಮಾಡಲು ಬರುತ್ತದೆಯೇ ಎಂದು ನಾನು ರೇಗಿದೆ. ಅವರು ಊಟ ಬೇಡವೆಂದು ಮಲಗಿಬಿಟ್ಟರು. ಕೆಲವು ತಿಂಗಳ ಮೇಲೆ ಪೊಲೀಸರೊಬ್ಬರು ವಿಚಾರಣೆಗೆಂದು ಮನೆಗೆ ಬಂದರು. ಪಾಸ್‌ಪೋರ್ಟಿಗಂತೆ ಎಂದು ನಮ್ಮವರು ಮೊದಲೇ ಹೇಳಿದ್ದರು. ನಾನು ಚಹಾ ಮಾಡಿಕೊಟ್ಟೆ. ಆ ಪುಣ್ಯಾತ್ಮ ನಿಮ್ಮ ಯಜಮಾನರಿಗೆ ಸಿಟ್ಟು ಬರುತ್ತದೆಯೇ, ಮನೆಯಲ್ಲಿ ಜಗಳ ಇದೆಯೇ ಎಂದು ಹಿಂದಿಯಲ್ಲಿ ಕೇಳಿದ. ವಿಮಾನ ಹತ್ತುವವನ ಸಿಟ್ಟು ಕಟ್ಟಿಕೊಂಡು ಸರ್ಕಾರಕ್ಕೇನಾಗಬೇಕು ಎನಿಸಿತು. ಸಿಟ್ಟು ಬರುವುದು ನನಗೆ, ಅವರು ಹಸುವಿನಂಥವರು ಎಂದೆ. ಆತ ನಕ್ಕು ಬರೆದುಕೊಂಡು ಹೋದ.

ಆಮೇಲೆ ಶುರುವಾಯಿತು ನೋಡಿ. ಮದುವೆಯಾದಾಗಿನಿಂದ ಶರ್ಟನ್ನು ಪ್ಯಾಂಟಿನೊಳಗೆ ಸೇರಿಸದೆ ಹೊಸಿಲು ದಾಟದಿದ್ದವರು ದೊಗಲೆ ಅಂಗಿ ಹಾಕಿ ಹೊರಗೆ ಬಿಡತೊಡಗಿದರು. ಮಾಲ್ ಬಾಗಿಲವರೆಗೆ ಬಂದು, ನೀನು ಹೋಗಿ ಬಾ, ನಾನು ಇಲ್ಲೇ ನಿಂತಿರುತ್ತೇನೆ ಎನ್ನುತ್ತಿದ್ದರು. ಸೂರತ್ತಿಗೆ ಯಾವಾಗಲೂ ರೈಲಿನಲ್ಲಿ ಹೋಗುತ್ತಿದ್ದ ನಾವು ಕಾರಿನಲ್ಲೇ ಹೋಗಬೇಕಾಯಿತು. ಸ್ಕೂಟರಿನಲ್ಲಿ ಹಿಂದೆ ಕೂತು ಅವರ ಸೊಂಟ ಹಿಡಿದರೆ, ಭುಜ ಹಿಡಿದುಕೋ ಎನ್ನುತ್ತಿದ್ದರು. ಅಯ್ಯೋ ಪಾಪ, ಅಷ್ಟು ನೋವಿದೆ ಎಂದು ನಾನು ಮನಸ್ಸಿನಲ್ಲೇ ಮರುಗುತ್ತಿದ್ದೆ.

ನಮ್ಮ ಕಡೆ ನವಮಿಯ ದಿನ ಖಂಡೇ ಪೂಜೆ. ಮೈಸೂರು ಕಡೆಯವರು ಆಯುಧಪೂಜೆ ಅನ್ನುತ್ತಾರೆ. ಅನ್ನ ಕೊಡುವ, ಅಡುಗೆ ಮಾಡುವ ಸಾಮಾನನ್ನೆಲ್ಲ ತೊಳೆದು ದೇವರ ಮುಂದಿಟ್ಟು ಕುಂಕುಮ ಹಚ್ಚಬೇಕು. ಅವತ್ತು ಅವುಗಳಿಗೆ ವಿಶ್ರಾಂತಿ. ಮರುದಿನ ಬನ್ನಿ ಹಂಚುವವರೆಗೆ ಯಾರೂ ಮುಟ್ಟುವಂತಿಲ್ಲ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಮಿಕ್ಸರಿಗೆ ಹೂವು ಏರಿಸಿದ್ದನ್ನು ಕಂಡು ಎದುರುಮನೆಯ ಗುಜರಾತಿ ಬೆನ್, ಅಕ್ಕನಿಗೆ ಇಲ್ಲಿ ಹಾಗೆನ್ನುತ್ತಾರೆ, ಪ್ರತಿವರ್ಷ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನಗುತ್ತಾರೆ.

ಈ ಸಲವೂ ಪಲ್ಯಕ್ಕೆ ಹೆಚ್ಚುವುದನ್ನೆಲ್ಲ ಬೆಳಿಗ್ಗೆಯೇ ಮುಗಿಸಿ ಈಳಿಗೆಮಣೆ ತೊಳೆದಿಟ್ಟೆ. ಪಕ್ಕದಲ್ಲಿ ಚಾಕು, ಕತ್ತರಿ, ನಮ್ಮವರ ಲ್ಯಾಪ್‌ಟಾಪು. ನಿಮ್ಮದು ಇನ್ನೇನಾದರೂ ಇದ್ದರೆ ತನ್ನಿ, ಮಂಗಳಾರತಿ ಮಾಡುತ್ತೇನೆ ಎಂದು ಕೂಗಿದೆ. ಸ್ನಾನ ಮಾಡಿ ಮಡಿ ಉಟ್ಟಿದ್ದ ಮನುಷ್ಯ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಒಳಗೆ ಹೋದರು. ಬಿಳಿ ಟವೆಲ್ಲಿನಲ್ಲಿ ಸುತ್ತಿದ ಏನನ್ನೋ ತಂದು, ಮೊಣಕಾಲೂರಿ, ಈಳಿಗೆಮಣೆಯ ಪಕ್ಕದಲ್ಲಿಟ್ಟು ಟವೆಲ್ ಬಿಡಿಸಿದರು.

ಕರೀ ಬಣ್ಣದ ದೊಡ್ಡ ರಿವಾಲ್ವರು. ನನ್ನ ಕೈಯಲ್ಲಿದ್ದ ಕುಂಕುಮದ ಬಟ್ಟಲು ಜಾರಿ ನೆಲವೆಲ್ಲ ಕೆಂಪಾಯಿತು. ಬೈಯಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ, ನನಗೆ!

“ಆಯುಧ ಅಂದಮ್ಯಾಲೆ ದೇವಿ ಮುಂದ ಇಡಬೇಕಲ್ಲ,” ಎಂದರು, ತಲೆ ಎತ್ತದೆ. “ಮನ್ಯಾಗ ಇದ್ದದ್ದನ್ನ ಬಿಟ್ಟು ಪೂಜಿ ಮಾಡಿದ್ರ ತಪ್ಪಾಗ್ತದ.”

ವರ್ಷವಿಡೀ ಹೆಂಡತಿಯಿಂದ ಮುಚ್ಚಿಟ್ಟವರಿಗೆ ಒಂದು ದಿನ ದೇವಿಯಿಂದ ಮುಚ್ಚಿಡಲು ಧೈರ್ಯವಾಗಲಿಲ್ಲ. ಇಂಥವರನ್ನು ಕಟ್ಟಿಕೊಂಡು ನಾನು ಸಂಸಾರ ಮಾಡಿದ್ದೇನೆ.

“ಒಳಗ ಗುಂಡು ಅವ ಏನ್ರಿ?” ಎಂದು ಕೇಳಿದೆ.

“ಅವ.”

ಮೊದಲು ಅವನ್ನು ತೆಗೆಯಿರಿ, ಇಲ್ಲವಾದರೆ ದೀಪ ಹಚ್ಚುವುದಿಲ್ಲ ಎಂದೆ. ತೆಗೆದು ಅಕ್ಷತೆಯ ಬಟ್ಟಲಿಗೆ ಹಾಕಿದರು. ಹಿತ್ತಾಳೆಯ ಮೇಲೆ ಅವು ಠಣ್ ಠಣ್ ಎಂದು ಬಿದ್ದವು. ಆಮೇಲೆ ಒಂದೊಂದಾಗಿ ಎಲ್ಲ ಹೊರಬಂತು. ಕಾರ್ಖಾನೆಯಲ್ಲಿ ಕಳ್ಳತನ ಮಾಡಿದ ಕಂತ್ರಾಟುದಾರನೊಬ್ಬನನ್ನು ಇವರು ಕೆಲಸದಿಂದ ತೆಗೆದುಹಾಕಿದ್ದರು. ಅವನ ಜನ ಕಾರು ಅಡ್ಡಗಟ್ಟಿ, ಗಾಜು ಒಡೆದು, ನಡುರಸ್ತೆಯಲ್ಲಿ ಇವರ ಕಪಾಳಕ್ಕೆ ಹೊಡೆದಿದ್ದರು. ಪಾಸ್‌ಪೋರ್ಟಿಗೆಂದು ಬಂದ ಪೊಲೀಸು ನಿಜಕ್ಕೂ ಇದರ ಲೈಸೆನ್ಸಿಗೆ ಬಂದವನಂತೆ. ಸಣ್ಣ ಪಿಸ್ತೂಲು ಯಾಕೆ ತರಲಿಲ್ಲ ಎಂದು ಏನೂ ತಿಳಿಯದವಳ ಹಾಗೆ ಕೇಳಿದೆ. ಸಣ್ಣದು ಮುಚ್ಚಿಡಲು ಸುಲಭವಂತೆ, ಆದರೆ ಕೈಯಲ್ಲಿ ನಿಲ್ಲುವುದಿಲ್ಲವಂತೆ. ದೊಡ್ಡದಾದರೆ ಹಿಡಿ ತುಂಬ ಸಿಗುತ್ತದೆ, ಗುರಿ ತಪ್ಪುವುದಿಲ್ಲ. ಪ್ಯಾಂಟಿನ ಸೊಂಟದೊಳಗೆ ಚರ್ಮದ ಚೀಲ, ಮೇಲೆ ದೊಗಲೆ ಅಂಗಿ. ಕೋಣೆಯ ಕನ್ನಡಿ ಮುಂದೆ ನಿಂತು ಅಂಗಿ ಸರಿಸುವುದು, ಹಿಡಿಯುವುದು, ತಿರುಗುವುದು ದಿನಾ ರೂಢಿ ಮಾಡಿದ್ದರಂತೆ. ನಾನು ಆಗ ಪಕ್ಕದ ಅಡುಗೆಮನೆಯಲ್ಲಿ ಅವರ ಡಬ್ಬಿ ಕಟ್ಟುತ್ತಿದ್ದೆ.

ಎಲ್ಲದಕ್ಕೂ ಕುಂಕುಮ ಹಚ್ಚಿದೆ. ಅದರ ಹತ್ತಿರ ಬಂದಾಗ ಕೈ ಮುಂದೆ ಹೋಗಲಿಲ್ಲ. ಅವರೇ ಹಚ್ಚಿದರು.

ಆಮೇಲೆ ಕಾರಿನ ಪೂಜೆಗೆ ಕೆಳಗೆ ಹೋಗಬೇಕಿತ್ತು. ಅವರು ಅಂಗಿ ಹಾಕಿಕೊಂಡು ನಿಂಬೆಹಣ್ಣು, ಹಾರ ಹಿಡಿದು ಬಾಗಿಲವರೆಗೆ ಹೋದವರು ಮತ್ತೆ ದೇವರ ಕಡೆ ತಿರುಗಿ ನೋಡಿದರು. ಸೊಂಟದ ಹತ್ತಿರ ಕೈ ಆಡಿಸಿಕೊಂಡರು. ಕೆಳಗೆ ಹೋಗಿ ಬರುವಷ್ಟು ಹೊತ್ತು ಗುಂಡು ತುಂಬಿ ಸೊಂಟದಲ್ಲಿ ಇಟ್ಟುಕೊಳ್ಳಲೇ ಎಂದು ಮೆಲ್ಲಗೆ ಕೇಳಿದರು. ಅದಿಲ್ಲದೆ ಬರಿಮೈಯಲ್ಲಿ ಇದ್ದ ಹಾಗಾಗುತ್ತದಂತೆ. ಆಗ ನನ್ನ ಬಾಯಿ ಮರಳಿ ಬಂತು.

“ಕಾರಿಗೆ ಕುಂಕುಮ ಹಚ್ಚಲಿಕ್ಕೂ ಪಿಸ್ತೂಲು ಬೇಕೇನ್ರಿ? ಪೂಜಿಗಿಟ್ಟದ್ದು ಬನ್ನಿ ಆಗೋತನಕ ಯಾರೂ ಮುಟ್ಟಂಗಿಲ್ಲ. ಸುಮ್ಮ ನಡೀರಿ.”

ನಡೆದರು. ಪೂಜೆಯ ವಿಷಯದಲ್ಲಿ ನನ್ನ ಮಾತಿಗೆ ಅವರು ಎಂದೂ ಎದುರಾಡಿದವರಲ್ಲ.

ಆರತಿ ತಟ್ಟೆ ಹಿಡಿದು ನಾನು ಮೆಟ್ಟಿಲಿಳಿದು ಬರುವ ಹೊತ್ತಿಗೆ ಅವರು ಗೇಟಿಗೆ ಬೆನ್ನು ಮಾಡಿ, ಬಗ್ಗಿ, ಬಾನೆಟ್ಟಿಗೆ ಹಾರ ಕಟ್ಟುತ್ತಿದ್ದರು. ಗೇಟಿನಲ್ಲಿ ಮಗಳು. ಬರುವುದಿಲ್ಲ, ರಜೆ ಇಲ್ಲ ಎಂದು ಹಿಂದಿನ ದಿನ ಫೋನಿನಲ್ಲಿ ಗೊಣಗಿದ್ದವಳು ಬೆಳಗಿನ ರೈಲು ಹಿಡಿದು ಬಂದುಬಿಟ್ಟಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು. ಎಷ್ಟು ಖುಷಿಯಾಯಿತೆಂದರೆ ಮೇಲೆ ನಡೆದದ್ದೆಲ್ಲ ಒಂದು ಗಳಿಗೆ ಮರೆತೇಹೋಯಿತು. ಹಿಂದಿನಿಂದ ಬಂದು ಅಪ್ಪನ ಕಣ್ಣು ಮುಚ್ಚುವುದು ಅವಳ ಚಿಕ್ಕಂದಿನ ಆಟ. ಯಾರು ಹೇಳು ಎಂದು ಅವಳು ಕೇಳಬೇಕು, ತರಕಾರಿ ಬೆನ್, ಹಾಲಿನವನು ಎಂದು ಅವರು ತಪ್ಪು ತಪ್ಪು ಹೇಳಬೇಕು. ನಾನು ನಗು ತಡೆದುಕೊಂಡು ನಿಂತೆ.

ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದು ಎರಡೂ ಕೈಯಿಂದ ಕಣ್ಣು ಮುಚ್ಚಿದಳು.

ಯಾರು ಎಂದು ಕೇಳಲು ಹೊತ್ತೇ ಸಿಗಲಿಲ್ಲ. ಅವರ ಮೊಣಕೈ ಅವಳ ಪಕ್ಕೆಗೆ ಬಿತ್ತು, ಅವಳು ಹಿಂದಕ್ಕೆ ಹೋಗಿ ಪಾರ್ಕಿಂಗಿನ ಕಂಬಕ್ಕೆ ಬಡಿದುಕೊಂಡಳು. ಅವರ ಎಡಗೈ ಅಂಗಿ ಸರಿಸಿತು, ಬಲಗೈ ಸೊಂಟಕ್ಕೆ ಹೋಗಿ ಬಂತು, ಮೈ ತಿರುಗಿತು. ಮೂರೂ ಒಟ್ಟಿಗೆ. ಈ ಹಸುವಿನಂಥ ಮನುಷ್ಯ ಇಷ್ಟು ಚುರುಕಾಗಿ ಮೈ ತಿರುಗಿಸಿದ್ದನ್ನು ನಾನು ಕಂಡೇ ಇರಲಿಲ್ಲ. ಕೈ ಮಗಳ ಎದೆಗೆ ನೇರವಾಗಿ ಚಾಚಿತ್ತು. ಹಿಡಿಯಲ್ಲಿ ಏನೂ ಇರಲಿಲ್ಲ. ತೋರುಬೆರಳು ಮಾತ್ರ ಪೂರ್ತಿ ಮಡಚಿಕೊಂಡಿತ್ತು.

ನಾನು ಕೂಗಿದೆನೋ ಇಲ್ಲವೋ ತಿಳಿಯದು. ಆರತಿ ತಟ್ಟೆ ಬಿದ್ದಿತ್ತು. ನಾನು ಮೇಲೆ ಹೂಂ ಅಂದಿದ್ದರೆ, ಹೋಗಲಿ ತಗೊಳ್ಳಿ ಅಂದಿದ್ದರೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರು ತಮ್ಮ ಕೈಯನ್ನೇ ನೋಡುತ್ತ ನಿಂತಿದ್ದರು, ಕೈ ಇನ್ನೂ ಕೆಳಗಿಳಿದಿರಲಿಲ್ಲ. ಬೆರಳಿಗೆ ಕುಂಕುಮ ಹತ್ತಿತ್ತು.

ಪಕ್ಕೆ ಹಿಡಿದುಕೊಂಡೇ ಮಗಳು ನಕ್ಕಳು, ಅಪ್ಪನನ್ನು ಇಷ್ಟು ಹೆದರಿಸಿಬಿಟ್ಟೆನಾ, ಸಾರಿ ಎಂದಳು. ಮೂವರೂ ಮೇಲೆ ಬಂದೆವು. ದೇವರಿಗೆ ನಮಸ್ಕಾರ ಮಾಡಲು ಬಗ್ಗಿದವಳು ಹಾಗೇ ನಿಂತಳು. ಈಳಿಗೆಮಣೆಯ ಪಕ್ಕದಲ್ಲಿದ್ದುದನ್ನು ನೋಡಿದಳು, ಅಕ್ಷತೆಯ ಬಟ್ಟಲು ನೋಡಿದಳು, ಅಪ್ಪನ ಬಲಗೈ ನೋಡಿದಳು.

“ಅಮ್ಮಾ, ಇದು ರಿಯಲ್ ಅದನಾ?” ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ಅವಳು ಪಕ್ಕೆ ಮುಟ್ಟಿಕೊಂಡು ತನ್ನ ಕೋಣೆಗೆ ಹೋದಳು. ಅವತ್ತಿನ ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ. ನಮ್ಮವರು ದೇವರ ಮುಂದೆ ಕೂತವರು ಏಳಲಿಲ್ಲ, ನಾನೂ ಏಳಿ ಎನ್ನಲಿಲ್ಲ. ಬೈಗುಳವೆಲ್ಲ ಗಂಟಲಲ್ಲೇ ಇತ್ತು, ಯಾರಿಗೆ ಬೈಯಲಿ? ಅತ್ತಿದ್ದು ಅವರೇ.

ದಸರೆ ಕಳೆದ ಮೇಲೆ ಅದನ್ನು ಠಾಣೆಗೆ ಒಪ್ಪಿಸಿ ಬಂದರು. ಈಗ ವಟ್ವಾಕ್ಕೆ ಹೋಗುವಾಗ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದೇ ಕಾರಿನಲ್ಲಿ ಹೋಗುತ್ತಾರೆ. ಶರ್ಟು ಮತ್ತೆ ಪ್ಯಾಂಟಿನೊಳಗೆ ಸೇರಿದೆ. ಅವರು ಹೊರಟ ಮೇಲೆ ನನಗೆ ಭಯ ಇಲ್ಲವೆಂದು ಹೇಳಲಾರೆ, ಫೋನು ಬರುವವರೆಗೆ ಇದ್ದೇ ಇರುತ್ತದೆ.

ಮಗಳು ಸೂರತ್ತಿನಿಂದ ಬರುವ ದಿನ ಅವರು ಕುರ್ಚಿಯನ್ನು ತಿರುಗಿಸಿ, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಾರೆ. ಪೇಪರು ಹಿಡಿದಿರುತ್ತಾರೆ, ಓದುವುದಿಲ್ಲ. ಯಾಕೆಂದು ನಾನು ಕೇಳಿಲ್ಲ, ಹಿಂದಿನಿಂದ ಎರಡು ಕೈ ಬರಲಿ ಎಂದು ಕಾಯುತ್ತಾರೆಂದು ನನಗೆ ಗೊತ್ತು. ಬಾಗಿಲನ್ನೂ ತೆರೆದೇ ಇಟ್ಟಿರುತ್ತಾರೆ. ಅವಳು ಕೆಳಗಿನ ಗೇಟಿನಿಂದಲೇ ಇಡೀ ಕಟ್ಟಡಕ್ಕೆ ಕೇಳುವ ಹಾಗೆ “ಅಪ್ಪಾ, ನಾನು” ಎಂದು ಕೂಗುತ್ತಾಳೆ. ಮೆಟ್ಟಿಲಲ್ಲಿ ಇನ್ನೊಮ್ಮೆ ಕೂಗುತ್ತಾಳೆ. ಒಳಗೆ ಬಂದ ಮೇಲೆ ಕುರ್ಚಿಯನ್ನು ದೂರದಿಂದ ಸುತ್ತಿ ಅವರ ಎದುರಿಗೆ ಬಂದು ನಿಂತು, ಆಮೇಲೆ ನಗುತ್ತಾಳೆ.