ಕಂಬದ ಮೇಲಿನ ದನಿ

ಮೊನ್ನೆ ಊಟಕ್ಕೆ ಕೂತಿದ್ದಾಗ ಸಣ್ಣ ಮೊಮ್ಮಗಳ ಫೋನಿನಲ್ಲಿ ಊರಿನ ರೇಡಿಯೋ ಶುರುವಾಯಿತು. ಯಾರೋ ಗಂಡಸು ಗಂಟಲು ಸರಿಮಾಡಿಕೊಂಡು, ಸಂತೆಯ ದಿನ ಬದಲಾದ ಸುದ್ದಿ ಹೇಳಿದ. ನಾನು ತುತ್ತು ಕೈಯಲ್ಲಿ ಹಿಡಿದೇ ಎದ್ದು ನಿಂತೆ. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಯಾಕೆ ಎದ್ದೆನೆಂದು ಎದುರು ಕೂತು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಮಾಯಕೊಂಡದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಮದುವೆಯಾಗಿ ಹರಿಹರಕ್ಕೆ ಬಂದಾಗ ಮನೆಮನೆಗೆ ರೇಡಿಯೋ ಇರಲಿಲ್ಲ. ಪಾರ್ಕಿನ ಮೂಲೆಯಲ್ಲೊಂದು ರೇಡಿಯೋ ಕೋಣೆ, ಅದರ ಮುಂದೆ ಕಂಬ, ಕಂಬದ ಮೇಲೆ ಹಾರ್ನು. ಸಂಜೆ ಅದರಲ್ಲಿ ಬೆಂಗಳೂರು, ಧಾರವಾಡದ ಕಾರ್ಯಕ್ರಮ ಬರುತ್ತಿತ್ತು. ಅದಕ್ಕೂ ಮುಂಚೆ, ಆ ಕೋಣೆಯ ಕೆಲಸಕ್ಕಿದ್ದ ನಿಮ್ಮ ಅಜ್ಜ ಮೈಕಿನ ಮುಂದೆ ಕೂತು ಊರ ಸುದ್ದಿ ಹೇಳುತ್ತಿದ್ದರು. ದಾವಣಗೆರೆ ಪೇಟೆಯ ಹತ್ತಿ ಧಾರಣೆ, ಹೊಳೆಗೆ ನೀರು ಬಂದದ್ದು, ಮಲೆಬೆನ್ನೂರಿನ ಬಸ್ಸು ಕೆಟ್ಟು ನಿಂತದ್ದು, ಕುಕ್ಕುವಾಡದವರ ಬಿಳಿ ಹೋರಿ ತಪ್ಪಿಸಿಕೊಂಡದ್ದು. ಹೋರಿ ಸಿಕ್ಕರೆ ಮರುದಿನ ಅದನ್ನೂ ಹೇಳುವರು. ಜನ ಅದಕ್ಕೇ ಕಾದಿರುತ್ತಿದ್ದರು.

ಮನೆಯಲ್ಲಿ ಮಾತ್ರ ಅವರಿಗೆ ಮಾತಿಲ್ಲ. ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುವುದು ಆಗ ಮರ್ಯಾದೆಯಲ್ಲ. ಎರಡು ಕೋಣೆಯ ಮನೆಯಲ್ಲಿ ಅತ್ತೆಯ ಎದುರಲ್ಲದ ಜಾಗ ಯಾವುದಿತ್ತು? ಹಾಗಾಗಿ ಗಂಡನ ದನಿ ನನಗೆ ಸಿಕ್ಕಿದ್ದೇ ಕಂಬದ ಮೇಲಿಂದ. ಗಂಡ ಒಳಗೆ ಬಂದರೆ ಕೂತವಳು ಏಳಬೇಕೆಂದು ತವರಿನಲ್ಲಿ ಕಲಿಸಿದ್ದರು. ಹಾರ್ನಿನಲ್ಲಿ ದನಿ ಬಂದರೂ ನಾನು ಸೆರಗು ಎಳೆದುಕೊಂಡು ಏಳುತ್ತಿದ್ದೆ.

“ಯಾಕೆದ್ದೆ? ಅವ್ನು ಕಂಬದ ಮ್ಯಾಲೆ ಅದಾನೆ, ಮನ್ಯಾಗಿಲ್ಲ. ಕುಂತು ರೊಟ್ಟಿ ಬಡಿ,” ಎನ್ನುವರು ಅತ್ತೆ.

ಪಕ್ಕದ ಮನೆಯ ಬಳೆಗಾರ ಸಾಬರ ಹೆಂಡತಿ ಕೈಗೆ ಬಳೆ ಏರಿಸುತ್ತಾ ಕೆಣಕುತ್ತಿದ್ದಳು: “ನಿನ್ ಪಾಲಿನ ಮಾತನ್ನ ಊರೆಲ್ಲ ಹಂಚ್ಕಂಡೈತಲ್ಲವ್ವ. ನಿನಗೇನು ಉಳಿಸ್ಯಾನೆ?”

“ಮುದುಕಿ ಆದ ಮ್ಯಾಲೆ ಮಾತಾಡ್ತೀವಿ ಬಿಡ್ರಿ,” ಎಂದಿದ್ದೆ. ಆ ಕಾಲದಲ್ಲಿ ನಾನಾಡಿದ ಒಂದೇ ದಿಟ್ಟ ಮಾತು ಅದು. ಆಡದ ಮಾತು ಎಲ್ಲಿಗೂ ಹೋಗುವುದಿಲ್ಲ, ಕಣಜದ ಜೋಳದಂತೆ ಇರುತ್ತದೆ ಎಂದೇ ನಂಬಿದ್ದೆ.

ಆಮೇಲೆ ಆ ದನಿ ಒಡೆಯತೊಡಗಿತು. ಹಾರ್ನು ಕೆಟ್ಟಿದೆ ಎಂದು ಜನ ಬೈದರು. ನಿಮ್ಮ ಅಜ್ಜನೂ ಹಾಗೇ ತಿಳಿದು, ಕಂಬ ಹತ್ತಿ ಹಾರ್ನು ಒರೆಸಿ ಬಂದರು. ಕೆಟ್ಟದ್ದು ಗಂಟಲು. ದಾವಣಗೆರೆಯ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಕೊಯ್ದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು.

ಹೊರಡುವ ಬೆಳಿಗ್ಗೆ ಅವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಎದ್ದೆ. ಅತ್ತೆ ಒಲೆಯ ಮುಂದೆ ಮಗನಿಗೆ ಬುತ್ತಿ ಕಟ್ಟುತ್ತಿದ್ದರು. ಅವರು ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು.

“ನೀರು ಕೊಡು,” ಎಂದರು.

ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು ಸ್ಟೇಷನ್ನಿಗೆ ಹೋದರು.

ತಿರುಗಿ ಬಂದ ಮೇಲೆ ರೇಡಿಯೋ ಹಚ್ಚುವ, ಆರಿಸುವ ಕೆಲಸ ಅವರಿಗೆ ಉಳಿಯಿತು. ಮೈಕಿಗೆ ಮಲೆಬೆನ್ನೂರಿನ ಮೇಷ್ಟ್ರೊಬ್ಬರು ಬಂದರು. ಒಳ್ಳೆಯವರು. ಜನಕ್ಕೆ ಹೊಸದೆನಿಸಬಾರದೆಂದು ನಿಮ್ಮ ಅಜ್ಜನ ನಿಧಾನವನ್ನೇ, ಮಾತಿನ ಮುಂಚೆ ಗಂಟಲು ಸರಿಮಾಡುವುದನ್ನೇ ಕಲಿತುಕೊಂಡರು.

ಮರುವರ್ಷ ಅತ್ತೆ ತೀರಿಕೊಂಡರು. ಮನೆಯಲ್ಲಿ ಯಾರ ಸಂಕೋಚವೂ ಉಳಿಯಲಿಲ್ಲ. ಮಧ್ಯಾಹ್ನ ನಾವಿಬ್ಬರೂ ಎದುರುಬದುರು ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಅವರು ತುಟಿ ಅಲುಗಿಸಿ ಏನೋ ಹೇಳುವರು. ಗಂಡನ ಮುಖವನ್ನು ನೆಟ್ಟಗೆ ನೋಡಿ ಅಭ್ಯಾಸವಿಲ್ಲದ ನನಗೆ ಆ ತುಟಿ ತಿಳಿಯಲಿಲ್ಲ. ಬರೆದು ತೋರಿಸಲು ಅವರಿಗೆ ಅಕ್ಷರ ಬಾರದು, ಊರ ಸುದ್ದಿಯನ್ನೆಲ್ಲ ನೆನಪಿನಿಂದಲೇ ಹೇಳಿದವರು. ನೀರು ತಂದುಕೊಡುತ್ತಿದ್ದೆ. ಅವರು ತಲೆ ಅಡ್ಡ ಆಡಿಸಿ, ಆ ನೀರನ್ನೇ ಕುಡಿಯುವರು. ಹೀಗೇ ವರ್ಷಗಳು ಕಳೆದವು, ಅವರೂ ಹೋದರು.

ಮೊನ್ನೆ ನಕ್ಕು ಮುಗಿದ ಮೇಲೆ ಮೊಮ್ಮಗಳು ಕೇಳಿದಳು, “ಅಜ್ಜನ ವಾಯ್ಸ್ ಹೆಂಗಿತ್ತಜ್ಜಿ?”

ಅಜ್ಜನ ದನಿ ಹೋದಾಗ ನಿಮ್ಮ ಅಪ್ಪ ಕೈಗೂಸು, ಅವನಿಗೆ ನೆನಪಿಲ್ಲ. ಕೇಳಿದವರೆಲ್ಲ ಹೋದರು. ಉಳಿದವಳು ನಾನೊಬ್ಬಳು.

“ದಪ್ಪ ಇತ್ತವ್ವ,” ಎಂದೆ.

ಆಮೇಲೆ ಹಿತ್ತಲಿನಲ್ಲಿ ಕೂತು, ಕಣ್ಣು ಮುಚ್ಚಿ, ಕೇಳಿಸಿಕೊಳ್ಳಲು ನೋಡಿದೆ. ಕಪ್ಪು ಕೋಟು ಹಾಕಿದ ನಿಮ್ಮ ಅಜ್ಜ ಬಂದರು. ಬಾಯಿ ತೆರೆದರು. ಬಂದದ್ದು ಮೇಷ್ಟ್ರ ದನಿ. ಎಷ್ಟೋ ವರ್ಷ ಅದೇ ಹಾರ್ನಿನಲ್ಲಿ ಅದನ್ನೇ ಕೇಳಿದ್ದೆನಲ್ಲ. ಮತ್ತೆ ಮತ್ತೆ ನೋಡಿದೆ, ಮೇಷ್ಟ್ರದೇ.

ನಾನು ಹೇಳಿದ್ದನ್ನು ನಂಬಬೇಡಿ, ಮಕ್ಕಳೇ. ದಪ್ಪ ಇದ್ದದ್ದು ಯಾರ ದನಿಯೋ, ನನಗೆ ಗೊತ್ತಿಲ್ಲ.