ಮದರಸಾಬ ಕಟ್ಟಿದ ಸ್ಟೇಶನ್ನು

ರೋಣ ತಾಲೂಕಿನ ಎರೆಹಾಳದಲ್ಲಿ ಮೊಹರಮ್ಮಿನ ತಾಬೂತನ್ನು ಮೂರು ತಲೆಮಾರಿನಿಂದ ಕಟ್ಟುತ್ತ ಬಂದದ್ದು ಮದರಸಾಬನ ಮನೆತನ. ಬಿದಿರಿನ ಸೀಳು, ಬಣ್ಣದ ಕಾಗದ, ಹುಣಸೆಬೀಜದ ಅಂಟು, ಇವಿಷ್ಟರಿಂದಲೇ ಅವರು ಆಳೆತ್ತರದ ಗೋಪುರ ನಿಲ್ಲಿಸುತ್ತಿದ್ದರು. ಅಳತೆಗೆ ಪಟ್ಟಿಯನ್ನು ಮುಟ್ಟಿದವರಲ್ಲ. ಬೆರಳು, ಗೇಣು, ಮೊಳ, ಅಷ್ಟೇ. ಕಟ್ಟು ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲಿಕ್ಕೆ ಒಂದು ಪದ್ಧತಿ ಇತ್ತು. ಹಾಡುಹಗಲಿನಲ್ಲಿಯೇ ಕೋಣೆಯ ಬಾಗಿಲು ಕಿಟಕಿಗಳನ್ನು ಮುಚ್ಚಿ, ತಾಬೂತಿನ ಒಂದು ಬದಿಗೆ ಪಣತಿ ಹಚ್ಚಿಟ್ಟು, ಎದುರು ಬದಿಯ ಕಿಂಡಿಗೆ ಕಣ್ಣು ಹಚ್ಚುವುದು. ದೀಪ ಕಂಡರೆ ಸರಿ. ಕಾಣದಿದ್ದರೆ ಎಲ್ಲಿಯೋ ಒಂದು ಕಡ್ಡಿ ಅಡ್ಡ ಬಂದಿದೆ; ಬಿಚ್ಚಿ ಮತ್ತೆ ಕಟ್ಟಬೇಕು. ಮದರಸಾಬನ ತಂದೆ ಇದಕ್ಕೆ ‘ದೀಪಾ ಕೇಳೂದು’ ಎನ್ನುತ್ತಿದ್ದ.

ತಾಬೂತು ವರ್ಷಕ್ಕೊಂದು ಸಲದ ಕೆಲಸ. ಹೊಟ್ಟೆಯ ಕೆಲಸ ಎರೆಹಾಳ ಸ್ಟೇಶನ್ನಿನದು. ಮೂವತ್ತನಾಲ್ಕು ವರ್ಷ ಅವನು ಅಲ್ಲಿ ಗಂಟೆ ಹೊಡೆದ, ಲಾಂದ್ರಕ್ಕೆ ಎಣ್ಣೆ ಹಾಕಿದ, ಹಸಿರು ನಿಶಾನೆ ತೋರಿಸಿದ. ಈಗ ವಯಸ್ಸು ಎಪ್ಪತ್ತೆರಡು. ಎರಡನೆಯ ಹಳಿ ಹಾಕುವಾಗ ಹೆಂಚಿನ ಹಳೆಯ ಸ್ಟೇಶನ್ನನ್ನು ಕೆಡವಿದರು; ಉದ್ದನೆಯ ಹೊಸ ಪ್ಲಾಟ್‌ಫಾರ್ಮು, ಸಿಮೆಂಟಿನ ಬೆಂಚುಗಳು ಬಂದವು. ಹಳೆಯದರಲ್ಲಿ ಉಳಿದದ್ದು ಬೇಲಿಯಾಚೆಗಿನ ಬೇವಿನ ಮರದ ಬೊಡ್ಡೆ ಒಂದೇ.

ಊರಿನ ಹೈಸ್ಕೂಲಿನ ಮುಖ್ಯಾಧ್ಯಾಪಕಿ ಅನ್ನಪೂರ್ಣಾ ಟೀಚರು ಒಂದು ದಿನ ಮನೆಗೇ ಬಂದರು. “ಸಾಬ್ರ, ನಮ್ಮ ಸಾಲಿ ಹುಡುಗ್ರಿಗೆ ಹಳೇ ಸ್ಟೇಶನ್ ಹ್ಯಾಂಗಿತ್ತು ಅನ್ನೂದ ಗೊತ್ತಿಲ್ಲ. ಒಂದ ಚಿತ್ರಾನೂ ಸಿಗವಲ್ತು. ನಿಮ್ಮ ಕೈಯಾಗ ಅದನ್ನ ಕಟ್ಟಿ ಕೊಡ್ರಿ,” ಎಂದರು.

ಮದರಸಾಬನಿಗೆ ಬೇಕಾದದ್ದೂ ಅದೇ. ಗಜೇಂದ್ರಗಡದ ಸಂತೆಯಿಂದ ಬಿದಿರು ತಂದ. ಎರಡು ಮೊಳಕ್ಕೆ ಒಂದು ಬೆರಳು ಎಂದು ಲೆಕ್ಕ ಹಿಡಿದ. ಮನುಷ್ಯನೆಂದರೆ ಎರಡು ಬೆರಳೆತ್ತರ. ನಕ್ಷೆ ಬೇಕಾಗಲಿಲ್ಲ, ಕಾಲಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಲಾಂದ್ರದ ಕೋಣೆಯಿಂದ ನೀರಿನ ಟಾಕಿಗೆ ಆರು ಹೆಜ್ಜೆ, ಕಲ್ಲಿನ ಬೆಂಚಿಗೆ ಇಪ್ಪತ್ತೆರಡು. ಬೇವಿನ ಬುಡದಿಂದ ಬಾವಿಗೆ ಹದಿನೆಂಟು. ಹಿಂದೆ ಉಗಿಯ ಎಂಜಿನ್ನುಗಳಿಗೆ ನೀರೆತ್ತುತ್ತಿದ್ದ ಬಾವಿ ಅದು. ಉಪ್ಪುನೀರು, ಕೈಕಾಲು ತೊಳೆಯಲಿಕ್ಕೆ ಮಾತ್ರ ಆಗುತ್ತಿತ್ತು. ಮಾದರಿಯಲ್ಲಿ ಬಾವಿಗೆಂದು ಒಂದು ತಗಡಿನ ಡಬ್ಬಿಯನ್ನು ಹುಗಿದು ಸುತ್ತ ಚಿಕ್ಕ ಕಲ್ಲು ಜೋಡಿಸಿದ.

ಸುದ್ದಿ ಹಬ್ಬಿ ಜನ ನೋಡಲಿಕ್ಕೆ ಬರತೊಡಗಿದರು. ಹಳೆಯ ಸ್ಟೇಶನ್ನಿನಲ್ಲಿ ಚಹಾ ಮಾರುತ್ತಿದ್ದ ಶಿವನಪ್ಪ ಮೂಗಿನ ಮೇಲೆ ಬೆರಳಿಟ್ಟ.

“ಎಲ್ಲಾ ಐತಿ, ನನ್ನ ಚಾದಂಗಡಿ ಎಲ್ಲೈತೋ? ಮೂವತ್ತ ವರ್ಷ ಪುಕ್ಕಟ ಚಾ ಕುಡದಿ, ಈಗ ಅಂಗಡೀನ ಮರತೇನು?”

“ಅದು ಚಾ ಆಗಿದ್ರ ನೆನಪಿರತಿತ್ತು, ಶಿವನಪ್ಪಾ. ಬಿಸಿನೀರು ಯಾರ ನೆನಪಿಟಗೋತಾರ?”

“ಆ ಬಿಸಿನೀರ ಕುಡದ ಬದಕೀ, ಅದನ್ನರೆ ನೆನಪಿಡು.”

ಮರುದಿನ ಸಕ್ರವ್ವ ಬಂದಳು. ಹಿಂದಿನ ಓಣಿಯವಳು, ಮುಶಿಗೇರಿಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಅರವತ್ತು ದಾಟಿದೆ. ಹಣೆಯಲ್ಲಿ ಕುಂಕುಮ, ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಅವಳ ಗಂಡ ಮೈಲಾರಿ ಕಂಬಳಿ ನೇಯುತ್ತಿದ್ದ. ಮೂವತ್ತೈದು ವರ್ಷದ ಹಿಂದೆ, ಒಂದು ಭಾನುವಾರ, ಕಂಬಳಿಯ ಗಂಟು ಹೊತ್ತು ಮೂರು ಹತ್ತರ ಸೊಲ್ಲಾಪುರ ಗಾಡಿಗೆಂದು ಸ್ಟೇಶನ್ನಿಗೆ ಹೋದವನು ಸೊಲ್ಲಾಪುರವನ್ನು ಮುಟ್ಟಲಿಲ್ಲ, ತಿರುಗಿಯೂ ಬರಲಿಲ್ಲ. ಅವನ ತಮ್ಮ ಆಗ ಕೇಳಿದ್ದು ಮದರಸಾಬನನ್ನು. “ಗಾಡಿ ಹತ್ತಿದ್ದು ನಾನ ಕಣ್ಣಾರೆ ನೋಡೀನಿ,” ಎಂದು ಮದರಸಾಬ ಹೇಳಿದ್ದ. ಆ ಮಾತಿನ ಮೇಲೆ ಮನೆಯವರು ಬಾಗಲಕೋಟೆ, ವಿಜಾಪುರ, ಸೊಲ್ಲಾಪುರಗಳನ್ನೆಲ್ಲ ಹುಡುಕಿದರು. ಆ ಮಾತಿನ ಮೇಲೆಯೇ ಸಕ್ರವ್ವ ಇಂದಿಗೂ ಮುತ್ತೈದೆ. ಪ್ರತಿ ವರ್ಷ ಪಂಚಮಿಗೆ ಅವಳ ಕೈಗೆ ಹೊಸ ಬಳೆ ಇಡುವವಳು ಬಳೆಗಾರ್ತಿ ಮುಮತಾಜಬಿ, ಅಂದರೆ ಮದರಸಾಬನ ಹೆಂಡತಿ. ಭಾನುವಾರ ಬಂತೆಂದರೆ ಸಕ್ರವ್ವ ಹೊಸ ಪ್ಲಾಟ್‌ಫಾರ್ಮಿನ ಮೂರನೆಯ ಬೆಂಚಿನ ಮೇಲೆ ಕುಳಿತು ಗಾಡಿಯಿಂದ ಇಳಿಯುವವರ ಮುಖ ನೋಡುತ್ತಿದ್ದಳು. ನೆರಳಿಲ್ಲದ ಬೆಂಚು ಅದು. ಯಾಕೆ ಅಲ್ಲಿಯೇ ಎಂದರೆ, “ಅಲ್ಲೆ ತಂಪ ಐತ್ರಿ,” ಎನ್ನುವಳು.

ಮಾದರಿಯ ಮುಂದೆ ಅವಳು ಬಹಳ ಹೊತ್ತು ಕುಳಿತಳು. “ಅಣ್ಣಾ, ಈ ಬೆಂಚಿನ ಮ್ಯಾಲ ಅವ್ರನ್ನ ಕುಂದರಸ್ತೀಯೇನು? ಗಂಟ ಹೊತಗೊಂಡ ಇರ್ಲಿ. ನೀನ ಕಡೀಕ ನೋಡಿದಾಂವ. ನಿನಗಷ್ಟ ಗೊತ್ತು,” ಎಂದಳು.

ಮದರಸಾಬ ಎರೆಮಣ್ಣಿನಲ್ಲಿ ಮೈಲಾರಿಯನ್ನು ಮಾಡಿದ. ಹೆಗಲ ಮೇಲೆ ಕರಿಯ ಗಂಟು, ಗಂಟಿಗೆ ಕೆಂಪು ಅಂಚು. ಒಣಗಿಸಿ, ಬಣ್ಣ ಕೊಟ್ಟು, ಬೆಂಚಿಗೆ ಅಂಟಿಸಿದ. ಮರುದಿನ ಮಧ್ಯಾಹ್ನ ನಮಾಜು ಮುಗಿಸಿ ಬಂದು ಕೋಣೆಯ ಬೀಗ ತೆಗೆದರೆ ಬೊಂಬೆ ಬೆಂಚಿನ ಮೇಲೆ ಇರಲಿಲ್ಲ. ಬಾವಿಯ ದಂಡೆಯಲ್ಲಿ ನಿಂತಿತ್ತು.

“ಬೆಕ್ಕ ಬಂದಿರಬೇಕು,” ಎಂದಳು ಮುಮತಾಜಬಿ.

“ಬೆಕ್ಕ ಕೆಡವತೈತಿ. ನಿಂದರಸೂದಿಲ್ಲ.”

ಅವನು ಮತ್ತೆ ಅಂಟಿಸಿದ. ಹುಣಸೆಬೀಜದ ಅಂಟು ಒಣಗಿದ ಮೇಲೆ ಕಾಗದ ಹರಿಯಬೇಕೇ ಹೊರತು ಬಿಡುವುದಿಲ್ಲ. ಆದರೂ ಮರುದಿನ ಬೊಂಬೆ ಅದೇ ದಂಡೆಯ ಮೇಲೆ, ಬಾವಿಯ ಕಡೆಗೆ ಬಾಗಿ ನಿಂತಿತ್ತು. ಮೂರನೆಯ ದಿನ ಎಲ್ಲಿಯೂ ಕಾಣಲಿಲ್ಲ. ಕಡೆಗೆ ಡಬ್ಬಿಯೊಳಗೆ ಕೈ ಹಾಕಿದ. ತಳದಲ್ಲಿತ್ತು. ಡಬ್ಬಿ ಒಣಗಿತ್ತು, ಬೊಂಬೆ ಮಾತ್ರ ತೊಯ್ದಿತ್ತು. ಎರೆಮಣ್ಣು ಮೆತ್ತಗಾಗಿ ಅವನ ಬೆರಳಿಗೆ ಕರ್ರಗೆ ಹತ್ತಿತು.

ಮದರಸಾಬ ಹೆಂಡತಿಗೆ ಅದನ್ನು ಹೇಳಲಿಲ್ಲ. ಇನ್ನೊಂದು ಬೊಂಬೆ ಮಾಡಿ ಕೂಡಿಸಿದ. ಆಗಲೇ ಅವನಿಗೆ ಅನಿಸಿತು, ಎಲ್ಲಿಯೋ ಅಳತೆ ತಪ್ಪಿದೆ, ಅದಕ್ಕೇ ಇದು ನಿಲ್ಲುತ್ತಿಲ್ಲ. ಕಟ್ಟು ತಪ್ಪಿದಾಗ ಅವನ ಮನೆತನದವರು ಮಾಡುವುದು ಒಂದೇ. ದೀಪವನ್ನು ಕೇಳಬೇಕು.

ಬಿಸಿಲು ಸುಡುತ್ತಿತ್ತು. ಕೋಣೆಯ ಕಿಟಕಿಗೆ ಗೋಣಿಚೀಲ ಹಾಕಿದ, ಕದ ಮುಚ್ಚಿದ. ಹೆಬ್ಬೆರಳಿನಷ್ಟು ಪಣತಿ ಹಚ್ಚಿ ಬೆಂಚಿನ ಮೇಲೆ, ಬೊಂಬೆಯ ಮಗ್ಗುಲಿಗೆ ಇಟ್ಟ. ಆಮೇಲೆ ನೆಲಕ್ಕೆ ಗದ್ದ ಊರಿ, ಮಾದರಿಯ ಲಾಂದ್ರದ ಕೋಣೆಯ ಬಾಗಿಲಿಗೆ ಹಿಂದಿನಿಂದ ಕಣ್ಣು ಹಚ್ಚಿದ. ಆ ಭಾನುವಾರ ಅವನು ನಿಶಾನೆ ಹಿಡಿದು ನಿಂತಿದ್ದು ಅದೇ ಬಾಗಿಲಿನಲ್ಲಿ. ಮೈಲಾರಿ ಎದ್ದು, ಗಂಟು ಹೊತ್ತು, ಗಾಡಿಯ ಮೆಟ್ಟಿಲಿಗೆ ಕಾಲಿಟ್ಟದ್ದನ್ನು ನೋಡಿದ್ದು ಅಲ್ಲಿಂದಲೇ.

ದೀಪ ಕಾಣಲಿಲ್ಲ.

ಎದುರಿಗೆ ಕಂಡದ್ದು ನೀರಿನ ಟಾಕಿಯ ಕಲ್ಲುಕಟ್ಟೆ, ಆಳಿಗಿಂತ ಎತ್ತರದ್ದು. ಅದರ ಅಂಚಿಗೆ ಸ್ವಲ್ಪ ಬೆಳಕು, ಅಷ್ಟೇ. ಟಾಕಿಯನ್ನು ಒಂದು ಬೆರಳು ಸರಿಸಿದರೆ ಕಾಣಬಹುದೇನೋ. ಆದರೆ ಆರು ಹೆಜ್ಜೆ ಎಂದರೆ ಆರೇ ಹೆಜ್ಜೆ. ಎಣ್ಣೆಯ ಡಬ್ಬಿ ಹಿಡಿದು ಮೂವತ್ತನಾಲ್ಕು ವರ್ಷ ನಡೆದದ್ದು. ದೀಪವನ್ನು ಬೆಂಚಿನಿಂದ ತೆಗೆದು ಹಳಿಯ ಅಂಚಿಗೆ, ಗಾಡಿಯ ಬಾಗಿಲು ಬರುವ ಜಾಗಕ್ಕೆ ಇಟ್ಟು ನೋಡಿದ. ಕಾಣಲಿಲ್ಲ. ಅತ್ತ ಸರಿಸಿದ, ಇತ್ತ ಸರಿಸಿದ. ಕಡೆಗೆ ಬಾವಿಯ ದಂಡೆಗೆ ಇಟ್ಟ. ಅಲ್ಲಿಯೂ ಕಾಣಲಿಲ್ಲ.

ಆ ಕತ್ತಲ ಕೋಣೆಯಲ್ಲಿ, ನೆಲಕ್ಕೆ ಮುಖ ಹಚ್ಚಿಕೊಂಡೇ, ಮದರಸಾಬನಿಗೆ ತನ್ನ ನೌಕರಿಯ ಒಂದು ರೂಢಿ ನೆನಪಾಯಿತು. ಗಾಡಿ ಹೊರಡುವ ಮುನ್ನ ಮಾಸ್ತರರು ಒಳಗಿನಿಂದ, “ಎಲ್ಲಾ ಹತ್ತಿದ್ರೇನೋ?” ಎಂದು ಕೂಗುವರು. ಅವನು, “ಸರಿ ಐತ್ರಿ,” ಎನ್ನುವನು. ದಿನಕ್ಕೆ ಆರು ಗಾಡಿ, ಆರು ಸಲ ಅದೇ ಪ್ರಶ್ನೆ, ಅದೇ ಉತ್ತರ. ಮೊದಲ ವರ್ಷ ನೋಡಿ ಹೇಳುತ್ತಿದ್ದ. ಆಮೇಲೆ ಬಾಯಿ ತಾನೇ ಹೇಳುತ್ತಿತ್ತು. ಮೈಲಾರಿಯ ತಮ್ಮ ವಾರದ ಮೇಲೆ ಬಂದು “ಹತ್ತಿದನೇನು?” ಎಂದಾಗಲೂ ಅದೇ ಬಾಯಿ ಉತ್ತರ ಕೊಟ್ಟಿತ್ತು. ಗಂಟು, ಮೆಟ್ಟಿಲಿನ ಮೇಲಿನ ಕಾಲು, ಕಂಬಳಿಯ ಕೆಂಪು ಅಂಚು, ಇವೆಲ್ಲ ಹೇಳಿ ಹೇಳಿ ಆಮೇಲೆ ಕೂಡಿಕೊಂಡವು.

ನಿಜವಾಗಿ ಅವನಿಗೆ ನೆನಪಿದ್ದದ್ದು ಮೈಲಾರಿಯ ಒಂದೇ ಮಾತು: “ಗಾಡಿ ಬರೂತನಾ ಕಾಲ ತೊಳಕೊಂಡ ಬರ್ತೀನಿ.” ಇನ್ನೂ ಒಂದು ಇತ್ತು. ಮರುದಿನ ಬಾವಿಯ ಬಕೀಟು, ಹಗ್ಗ ಎರಡೂ ಕಾಣೆಯಾಗಿದ್ದವು. ಯಾವನೋ ಕಳ್ಳ ಒಯ್ದನೆಂದು ಬೈಯುತ್ತ ಅವನೇ ಹೊಸ ಹಗ್ಗ ಕಟ್ಟಿದ್ದ. ಕೆಲವು ದಿನಕ್ಕೆ ನೀರು ನಾರತೊಡಗಿತು. ನಾಯಿ ಬಿದ್ದಿರಬೇಕು ಎಂದರು. ಅಷ್ಟರಲ್ಲಿ ನಳವೂ ಬಂತು. ಬಾವಿಗೆ ಚಪ್ಪಡಿ ಎಳೆದ ನಾಲ್ವರಲ್ಲಿ ಮದರಸಾಬನೂ ಒಬ್ಬ.

ಅವನು ಕದ ತೆಗೆದಾಗ ಮುಮತಾಜಬಿ ಅಂಗಳದಲ್ಲಿ ಪಂಚಮಿಗೆಂದು ಬಳೆ ಜೋಡಿಸುತ್ತಿದ್ದಳು. ಅವನು ಹೇಳಿದ್ದೆಲ್ಲವನ್ನೂ ಕೇಳಿ ಕೈಯಲ್ಲಿದ್ದ ಹಸಿರು ಬಳೆಗಳನ್ನು ಕೆಳಗಿಟ್ಟಳು.

“ಹೇಳಬ್ಯಾಡ್ರಿ,” ಎಂದಳು ಮೊದಲು. “ಈ ವಯಸ್ಸಿನಾಗ ಆಕಿ ಕೈ ಬರಿದ ಮಾಡ್ತೀರೇನು?” ಆಮೇಲೆ ತಾನೇ ಅಂದಳು, “ಮೂವತ್ತೈದ ಪಂಚಮಿ ನಾನ ಇಟ್ಟೀನಿ. ಪ್ರತಿ ಸಲಾ ಕೇಳ್ತಾಳ, ‘ನಿನ್ನ ಗಂಡ ಖರೇನ ನೋಡ್ಯಾನಲ್ಲಾ?’ ಅಂತ. ಈ ಸಲಾ ಕೇಳಿದ್ರ ನಾ ಏನ ಹೇಳ್ಲಿ?”

ಭಾನುವಾರ ಸಕ್ರವ್ವ ಬಳೆ ಇಡಿಸಿಕೊಳ್ಳಲು ಬಂದಳು. ಮದರಸಾಬ ಅವಳನ್ನು ಕೋಣೆಗೆ ಕರೆದ; ಮುಮತಾಜಬಿಯೂ ಜೊತೆಗೆ ಬಂದಳು. ಮೊನ್ನೆಯಂತೆಯೇ ದೀಪ ಹಚ್ಚಿ ಬೆಂಚಿನ ಮೇಲೆ, ಬೊಂಬೆಯ ಮಗ್ಗುಲಿಗೆ ಇಟ್ಟು, “ತಂಗೀ, ನಾ ನಿಂತಲ್ಲಿಂದ ನೋಡು,” ಎಂದ. ಅವಳು ಬಗ್ಗಿ ಕಣ್ಣು ಹಚ್ಚಿದಳು. ಬಳೆಗಳು ನೆಲಕ್ಕೆ ತಾಗಿ ಸಣ್ಣ ಸದ್ದಾಯಿತು.

“ಕಾಣವಲ್ತು,” ಎಂದಳು.

“ಆವತ್ತೂ ಕಾಣಸ್ಲಿಲ್ಲ, ಸಕ್ರವ್ವಾ. ನಾ ಸುಳ್ಳ ಹೇಳಿದೆ. ಬೇಕಂತ ಅಲ್ಲ. ಆದ್ರ ಸುಳ್ಳ.” ಆಮೇಲೆ ಕಾಲು ತೊಳೆಯುವ ಮಾತು, ಬಕೀಟು, ಚಪ್ಪಡಿ, ಯಾವುದನ್ನೂ ಬಿಡದೆ ಹೇಳಿದ.

ಅವಳು ನೆಲದಿಂದ ತಲೆ ಎತ್ತಿದಳು. ಬೆಂಚಿನ ಕಡೆ ನೋಡಿದಳು. ದೀಪ ಉರಿಯುತ್ತಿತ್ತು. ಬೊಂಬೆ ಬಾವಿಯ ದಂಡೆಯಲ್ಲಿತ್ತು. ಅದು ಅಲ್ಲಿಗೆ ಹೋದದ್ದನ್ನು ಮೂವರಲ್ಲಿ ಯಾರೂ ನೋಡಿರಲಿಲ್ಲ.

“ಆ ಬಾವಿ ಈಗ ಎಲ್ಲೆ ಐತಿ?” ಎಂದು ಸಕ್ರವ್ವ ಕೇಳಿದಳು.

ಮೂವರೂ ಆ ಬಿಸಿಲಿನಲ್ಲಿಯೇ ಹೊಸ ಸ್ಟೇಶನ್ನಿಗೆ ನಡೆದರು. ಗಾಡಿಗೆ ಇನ್ನೂ ವೇಳೆ ಇತ್ತು. ಪ್ಲಾಟ್‌ಫಾರ್ಮಿನಲ್ಲಿ ಯಾರೂ ಇರಲಿಲ್ಲ. ಮದರಸಾಬ ಬೇವಿನ ಬೊಡ್ಡೆಗೆ ಬೆನ್ನು ಹಚ್ಚಿ ನಿಂತು ಹಳೆಯ ಹೆಜ್ಜೆ ಹಾಕಿದ. ಒಂಬತ್ತಕ್ಕೆ ಬೇಲಿಯ ಕಿಂಡಿ ದಾಟಿದ. ಹನ್ನೆರಡಕ್ಕೆ ಪ್ಲಾಟ್‌ಫಾರ್ಮು ಏರಿದ. ಹದಿನೇಳು. ಹದಿನೆಂಟನೆಯ ಹೆಜ್ಜೆ ಹಾಕಲು ಜಾಗ ಇರಲಿಲ್ಲ. ಮೊಣಕಾಲಿಗೆ ಮೂರನೆಯ ಬೆಂಚು ತಾಗಿತ್ತು.

ಮುಮತಾಜಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಕ್ರವ್ವ ಬಂದು ಎಂದಿನಂತೆ ಆ ಬೆಂಚಿನ ಮೇಲೆ ಕುಳಿತಳು. ಸುತ್ತಲಿನ ಸಿಮೆಂಟು ಕಾಲು ಸುಡುವಂತಿತ್ತು. ಅವಳು ಚಪ್ಪಲಿ ಕಳೆದು ಪಾದವನ್ನು ನೆಲಕ್ಕೆ ಊರಿದಳು.

“ಮುಟ್ಟಿ ನೋಡ್ರಿ,” ಎಂದಳು.

ಮದರಸಾಬ ಬಗ್ಗಿ ಅಂಗೈ ಇಟ್ಟ. ನೆಲ ತಣ್ಣಗಿತ್ತು, ಹೂಜಿಯ ಹೊಟ್ಟೆಯ ಹಾಗೆ.

“ಬರ್ತಾರ ಅಂತ ಕುಂತಿದ್ದೆ,” ಎಂದಳು ಸಕ್ರವ್ವ. “ಇಲ್ಲೇ ಇದ್ರಲ್ಲಾ.” ಎರಡೂ ಕೈಗಳನ್ನು ಮುಮತಾಜಬಿಯ ಮುಂದೆ ಚಾಚಿದಳು. “ಒಡೀಬ್ಯಾಡವಾ. ಒಡದ್ರ ಆವಾಜ ಆಗತೈತಿ. ಹಂಗ ತಗಿ.”

ತೊಟ್ಟ ಬಳೆಯನ್ನು ಒಡೆಯದೆ ತೆಗೆಯುವುದು ಇಡುವುದಕ್ಕಿಂತ ಕಷ್ಟದ ಕೆಲಸ. ಮುಮತಾಜಬಿ ಅವಳ ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನ ಬುಡವನ್ನು ಒತ್ತಿ ಒತ್ತಿ, ಒಂದೊಂದಾಗಿ ತೆಗೆದಳು. ಒಂದೂ ಸೀಳಲಿಲ್ಲ. ಅಷ್ಟರಲ್ಲಿ ಸೊಲ್ಲಾಪುರದ ಗಾಡಿ ಬಂತು, ನಿಂತಿತು, ನಾಲ್ಕು ಜನ ಇಳಿದರು. ಸಕ್ರವ್ವ ತಲೆ ಎತ್ತಲಿಲ್ಲ. ಮದರಸಾಬ ಮಾತ್ರ ರೂಢಿಯಂತೆ ಗಾಡಿಯ ಉದ್ದಕ್ಕೂ ನೋಡಿದ. ಈ ಸಲ ನಿಜವಾಗಿಯೂ ನೋಡಿದ, ಕಡೆಯ ಡಬ್ಬಿ ದಾಟುವ ತನಕ.

ಸಂಜೆ ಸಕ್ರವ್ವ ಮತ್ತೆ ಕೋಣೆಗೆ ಬಂದು ಬೊಂಬೆಯನ್ನು ತನ್ನ ಕೈಯಿಂದಲೇ ಬಾವಿಗೆ ಇಳಿಸಿದಳು. ಮೇಲೆ ಒಂದು ತೆಳುವಾದ ಕಲ್ಲು ಮುಚ್ಚಿದಳು. ಆಮೇಲೆ ಅದು ಏಳಲಿಲ್ಲ. ಅವಳು ಈಗಲೂ ಭಾನುವಾರ ಆ ಬೆಂಚಿನ ಮೇಲೆ ಕೂಡುತ್ತಾಳೆ, ಗಾಡಿಗೆ ಬೆನ್ನು ಮಾಡಿ.

ಮಾದರಿಯನ್ನು ಹೈಸ್ಕೂಲಿನ ಮುಂಗೋಣೆಯಲ್ಲಿ ಇಟ್ಟಿದ್ದಾರೆ. ಕೆಲವು ದಿನಗಳ ಮೇಲೆ ಅನ್ನಪೂರ್ಣಾ ಟೀಚರು ದಾರಿಯಲ್ಲಿ ಸಿಕ್ಕಾಗ, “ಸಾಬ್ರ, ಎಲ್ಲಾ ಭಾಳ ಚಲೋ ಆಗೇತಿ. ಆದ್ರ ಆ ಬಾವಿ ಮ್ಯಾಲಿನ ಕಲ್ಲ ದಿನಾ ಒರಸ್ತೀನಿ, ದಿನಾ ತ್ಯಾವ ಇರ್ತೈತಿ. ಅಂಟ ಹಸಿ ಇತ್ತೇನ್ರಿ?” ಎಂದರು.

ಮದರಸಾಬನ ಬಾಯಿಗೆ “ಸರಿ ಐತ್ರಿ” ಎಂಬ ಮಾತು ಬಂದೇ ಬಂತು. ಅದನ್ನು ತಡೆದುಕೊಂಡ.

“ನಾ ಬಂದ ನೋಡೇ ಹೇಳ್ತೀನ್ರಿ,” ಎಂದ.